ಶಾಫ್ಟ್ ಗಾಡಿಯ ಎಣ್ಣೆ

ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳನ್ನು ಜರಡಿ ಹಿಡಿದರೂ ಚೈನಿಲ್ಲದ ಮೋಟರ್‌ಸೈಕಲ್ ಸಿಗುತ್ತಿದ್ದದ್ದು ಒಂದೇ. ಅದು ಬಿ.ಜಿ. ಕೆರೆಯ ಚಂದ್ರಣ್ಣನದು. ಅದನ್ನು ಬಿಚ್ಚಿ, ಒಂದು ತಿರುಪೂ ಮಿಗದಂತೆ ಮತ್ತೆ ಜೋಡಿಸಬಲ್ಲವನೂ ಒಬ್ಬನೇ, ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ವಲಿಸಾಬ. ಉಳಿದ ಮೆಕ್ಯಾನಿಕ್ಕುಗಳು ಆ ಗಾಡಿ ದೂರದಲ್ಲಿ ಕಂಡರೆ ಸಾಕು, ಟೀ ಕುಡಿಯಲು ಎದ್ದು ಹೋಗುತ್ತಿದ್ದರು.

ಗಾಡಿ ಜರ್ಮನಿಯದು. ಬಿ.ಜಿ. ಕೆರೆಯ ಹತ್ತಿರ ಕುಷ್ಠರೋಗಿಗಳಿಗೆ ಔಷಧಿ ಕೊಡುತ್ತಿದ್ದ ಜರ್ಮನ್ ಡಾಕ್ಟರೊಬ್ಬರು ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದರು. ಎಂಬತ್ತಾರರಲ್ಲಿ ಊರಿಗೆ ವಾಪಸು ಹೋಗುವಾಗ ಬೀಗದ ಕೈಯನ್ನು ತಮ್ಮ ಕಾಂಪೌಂಡರ್ ಚಂದ್ರಣ್ಣನಿಗೆ ಕೊಟ್ಟು, ವರ್ಷಕ್ಕೊಮ್ಮೆ ಶಾಫ್ಟು ನೋಡಿಸು, ಎಣ್ಣೆ ಬದಲಾಯಿಸು ಎಂದಷ್ಟೇ ಹೇಳಿ ವಿಮಾನ ಹತ್ತಿದರು. ಚಂದ್ರಣ್ಣ ಆಮೇಲೂ ಅದೇ ಕೆಲಸದಲ್ಲಿ ಉಳಿದ. ಹಟ್ಟಿ ಹಟ್ಟಿ ತಿರುಗುವುದು, ಜನರ ಮೈಮೇಲಿನ ಮಚ್ಚೆ ನೋಡುವುದು, ಮುಟ್ಟಿದರೆ ಗೊತ್ತಾಗುತ್ತದೆಯೋ ಇಲ್ಲವೋ ಎಂದು ಹತ್ತಿಯ ಎಳೆಯಿಂದ ಪರೀಕ್ಷೆ ಮಾಡುವುದು, ಗುಳಿಗೆ ಕೊಟ್ಟು ಎದುರಿಗೇ ನುಂಗಿಸುವುದು.

ಬೇರೆ ಗಾಡಿಗಳಲ್ಲಿ ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಚೈನು ಎಳೆದಿರುತ್ತದೆ. ಇದರಲ್ಲಿ ಕೊಳವೆಯೊಳಗೆ ಒಂದು ಉಕ್ಕಿನ ಸಲಾಕೆ. ಅದರ ಮುಂದಿನ ತುದಿಗೆ ಕ್ರಾಸ್ ಜಾಯಿಂಟು, ಹಿಂದಿನ ತುದಿಯಲ್ಲಿ ಹಲ್ಲಿನ ಚಕ್ರಗಳ ಡಬ್ಬಿ. ಕೊಳವೆಗೂ ಡಬ್ಬಿಗೂ ಬೇರೆ ಬೇರೆ ಎಣ್ಣೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಚೈನು ಸಡಿಲವಾದರೆ ಕುರುಡನಿಗೂ ತಿಳಿಯುತ್ತದೆ, ಕಡಿದರೆ ಗಾಡಿ ಎಲ್ಲಿದೆಯೋ ಅಲ್ಲೇ ಸುಮ್ಮನೆ ನಿಲ್ಲುತ್ತದೆ. ಶಾಫ್ಟು ಹಾಗಲ್ಲ. ಒಳಗೊಳಗೇ ಸವೆದು, ಒಂದು ದಿನ ಓಡುತ್ತಿರುವಾಗಲೇ ಹಿಂದಿನ ಚಕ್ರವನ್ನು ಬಿಗಿದು ನಿಲ್ಲಿಸಿಬಿಡುತ್ತದೆ. ಆಮೇಲೆ ಸವಾರ ಎಲ್ಲಿ ಬೀಳುತ್ತಾನೆ ಎನ್ನುವುದು ಅವನ ಹಣೆಬರಹ.

ವಲಿಸಾಬ ಹರೆಯದಲ್ಲಿ ಬಳ್ಳಾರಿಯ ಜೀಪ್ ಗ್ಯಾರೇಜೊಂದರಲ್ಲಿ ಶಾಫ್ಟುಗಳ ನಡುವೆಯೇ ಬೆಳೆದವನು. ಆದರೆ ಅವನ ಹೆಸರು ಊರೂರಿಗೆ ಹಬ್ಬಿದ್ದು ಜೀಪಿನಿಂದಲ್ಲ, ಚಂದ್ರಣ್ಣನ ಅಪ್ಪ ಕ್ಯಾತಣ್ಣನಿಂದ.

ಡಾಕ್ಟರು ಹೋದ ಮರುವರ್ಷದ ಮಾತು. ಕ್ಯಾತಣ್ಣ ಹುಟ್ಟಾ ದನಗಾಹಿ, ಎತ್ತಿನ ಗಾಡಿ ಬಿಟ್ಟು ಬೇರೆ ಗಾಡಿಯನ್ನು ನಂಬದವನು. ಮಗನ ಗಾಡಿಯ ಹೊಟ್ಟೆಯಲ್ಲಿ ಒಂದು ಅಚ್ಚು ಇದೆ, ಅದಕ್ಕೆ ಎಣ್ಣೆ ಬೇಕು ಎಂದು ಕಿವಿಗೆ ಬಿದ್ದದ್ದೇ ತಡ, ಅಚ್ಚು ಅಂದಮೇಲೆ ಅಚ್ಚೇ ತಾನೇ ಎಂದುಕೊಂಡ. ಮಗ ಮಲಗಿದ್ದಾಗ ಬೋಲ್ಟು ತಿರುಗಿಸಿ, ತಾನು ಎತ್ತಿನ ಗಾಡಿಗೆ ಹಾಕುವ ಕೀಲೆಣ್ಣೆಯನ್ನೇ ಧಾರಾಳವಾಗಿ ಸುರಿದ. ಕೀಲೆಣ್ಣೆ ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕಪ್ಪು ಪಾಕ. ಗಾಲಿಯ ಕಿರ್‍ಗುಟ್ಟುವಿಕೆಗೆ ಅದಕ್ಕಿಂತ ಮದ್ದಿಲ್ಲ. ಜರ್ಮನ್ ಶಾಫ್ಟಿಗೆ ಅದಕ್ಕಿಂತ ವಿಷವಿಲ್ಲ.

ಗಾಡಿ ಒಂದು ವಾರದಲ್ಲಿ ನರಳತೊಡಗಿತು. ಮೂರು ಅಂಗಡಿ ಸುತ್ತಿ ಕೊನೆಗೆ ವಲಿಸಾಬನ ಶೆಡ್ಡಿಗೆ ಬಂತು. ಅವನು ತಳದ ಬೋಲ್ಟು ಬಿಚ್ಚಿ, ಎಣ್ಣೆಯನ್ನು ಬಿಳಿ ಪಿಂಗಾಣಿ ತಟ್ಟೆಗೆ ಇಳಿಸಿ, ಹೆಬ್ಬೆರಳು ತೋರುಬೆರಳು ನಡುಬೆರಳು ಮೂರರ ನಡುವೆ ಉಜ್ಜಿದ. ಒಮ್ಮೆ ಮೂಸಿದ.

"ಹರಳೆಣ್ಣೆ. ಅದ್ರಾಗೆ ಹುಲ್ಲಿನ ಬೂದಿ. ನಿಮ್ಮನೇಲಿ ಎತ್ತಿನ ಗಾಡಿ ಐತೇನೋ?" ಎಂದು ಕೇಳಿದ.

ಚಂದ್ರಣ್ಣ ಬಾಯಿ ಬಿಟ್ಟುಕೊಂಡು ನಿಂತ. ಮನೆಗೆ ಹೋಗಿ ಅಪ್ಪನಿಗೆ ಒಂದು ಗಂಟೆ ಬೈದ. ಕ್ಯಾತಣ್ಣ ಬೈಗುಳವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳಾಗೇ ಕಣ್ಣಿಟ್ಕೊಂಡವ್ನೆ ಆ ಸಾಬ ಎಂದು ಸಂತೆಯಲ್ಲಿ, ಬಸ್ಸಿನಲ್ಲಿ, ಎಮ್ಮೆ ವ್ಯಾಪಾರದ ನಡುವೆ, ಸಿಕ್ಕವರಿಗೆಲ್ಲ ಹೇಳಿದ. ತನ್ನ ತಪ್ಪನ್ನೇ ಇಷ್ಟು ಹೆಮ್ಮೆಯಿಂದ ಸಾರಿಕೊಂಡ ಮನುಷ್ಯನನ್ನು ಆ ಸೀಮೆ ಕಂಡಿರಲಿಲ್ಲ.

ಅಲ್ಲಿಂದ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಗಾಡಿ ಚಳ್ಳಕೆರೆಗೆ ಬರುವುದು ವಾಡಿಕೆಯಾಯಿತು. ಬಂದ ಗಾಡಿಯನ್ನು ಬಿಸಿ ಇರುವಾಗಲೇ ಸ್ಟ್ಯಾಂಡಿಗೆ ಏರಿಸಬೇಕು. ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಆಟ, ಅಂದರೆ ಸಡಿಲ, ಇದೆಯೋ ನೋಡಬೇಕು. ಜಾಯಿಂಟಿಗೆ ತೊಡಿಸಿದ ರಬ್ಬರಿನ ಬೂಟು ಹಿಂದೆ ಸರಿಸಿ, ಜಾಯಿಂಟಿನ ನಾಲ್ಕು ಬೋಲ್ಟು ಸಡಿಲಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಎಲ್ಲಕ್ಕೂ ಕೊನೆಗೆ ಎಣ್ಣೆ. ಅಯಸ್ಕಾಂತ ಇಟ್ಟು ನೋಡುವವರು ಇದ್ದಾರೆ, ಬಿಸಿಲಿಗೆ ಹಿಡಿದು ನೋಡುವವರಿದ್ದಾರೆ. ವಲಿಸಾಬ ಅವರನ್ನು ಮೆಕ್ಯಾನಿಕ್ಕುಗಳ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ ಎನ್ನುವುದು ಅವನ ವಾದ. ಮೂರು ಬೆರಳು ಉಜ್ಜಿ 'ಸಾಫ್ ಐತೆ' ಎಂದರೆ ಮುಗಿಯಿತು, ಚಂದ್ರಣ್ಣ ವರ್ಷವಿಡೀ ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಬಿಳಿ ತಟ್ಟೆ ಹೆಂಡತಿ ಚಮನ್ ಬೀಯದು, ತವರಿನಿಂದ ಬಂದದ್ದು. ಶೆಡ್ಡಿನ ಹಿಂದೆಯೇ ಮನೆ. ಆ ತಟ್ಟೆಯಲ್ಲಿ ಗೇರ್ ಆಯಿಲ್ ಸುರಿದ ದಿನ ಅವಳು ಮೂರು ಹೊತ್ತು ಮಾತು ಬಿಟ್ಟಿದ್ದಳು. ಆಮೇಲೆ ತಟ್ಟೆ ಹಾಳಾದದ್ದು ಹಾಳಾಯಿತು, ತೊಳೆಯುವುದಾದರೂ ತಾನೇ ತೊಳೆಯುತ್ತೇನೆ ಎಂದು ಒಪ್ಪಂದಕ್ಕೆ ಬಂದಳು. ಹನ್ನೊಂದು ವರ್ಷದಿಂದ ಅದು ಹಾಗೆಯೇ ನಡೆದಿತ್ತು.

ಎಣ್ಣೆ ಇಳಿಯುವಷ್ಟು ಹೊತ್ತು ಚಂದ್ರಣ್ಣ ಹಳೇ ಟೈರಿನ ಮೇಲೆ ಕೂತು ತನ್ನ ಹಟ್ಟಿಗಳ ಕತೆ ಹೇಳುತ್ತಿದ್ದ. ಮೊಳಕಾಲ್ಮುರಿನ ಆಚೆ ಲಕ್ಷ್ಮಕ್ಕ ಎಂಬಾಕೆ ಮೂರು ವರ್ಷ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಕೊನೆಗೆ ಎರಡು ಬೆರಳು ಮಡಚಿಕೊಂಡ ಮೇಲೆ ಬಂದಳಂತೆ. ಮೊದಲೇ ಬಂದಿದ್ದರೆ ಗುಳಿಗೆಯಲ್ಲೇ ಮುಗಿಯುತ್ತಿತ್ತಂತೆ.

"ಬುದ್ಧಿ ಇಲ್ಲದ ಜನ ಕಣಲೇ. ಎಣ್ಣೆ ಕೆಟ್ಟೈತೆ ಅಂತ ಗೊತ್ತಿದ್ದೂ ಬೋಲ್ಟು ಬಿಚ್ಚಲ್ಲ ಅಂತ ಕುಂತ್ರೆ ಗಾಡಿ ಉಳೀತೈತಾ?" ಎಂದಿದ್ದ ವಲಿಸಾಬ.

"ರೋಗ ಅಷ್ಟು ಕೆಟ್ಟದ್ದಲ್ಲ ರೀ. ಮುಚ್ಚಿಡೋದು ಕೆಟ್ಟದ್ದು," ಎಂದಿದ್ದ ಚಂದ್ರಣ್ಣ. ಇಬ್ಬರೂ ತಲೆಯಾಡಿಸಿ ಟೀ ಕುಡಿದಿದ್ದರು. ಇನ್ನೊಬ್ಬರ ಮೂರ್ಖತನದ ಮೇಲೆ ಕುಡಿದ ಟೀಗೆ ರುಚಿ ಹೆಚ್ಚು.

ತೊಂಬತ್ತೇಳರ ಮಳೆಗಾಲದಲ್ಲಿ ವಲಿಸಾಬನ ಕೈಯಿಂದ ಸಣ್ಣ ನಟ್ಟುಗಳು ಜಾರಿ ಬೀಳತೊಡಗಿದವು. ವಯಸ್ಸು ಐವತ್ತಾರು, ಬಿದ್ದರೆ ಬೀಳಲಿ ಎಂದುಕೊಂಡ. ಆಮೇಲೆ ಮೂರು ಬೆರಳಿಗೂ ಮೇಣ ಬಳಿದಂತಾಯಿತು. ಡಿಸೆಂಬರಿನಲ್ಲಿ ಒಂದು ದಿನ ಯಾರದೋ ಗಾಡಿಯ ಕಾರ್ಬೊರೇಟರು ನೋಡುತ್ತ ಬಗ್ಗಿದ್ದಾಗ ಚರ್ಮ ಸೀದ ವಾಸನೆ ಬಂತು. ಪಕ್ಕದಲ್ಲಿ ಯಾರೋ ಕುರಿ ತಲೆ ಸುಡುತ್ತಿದ್ದಾರೆ ಎಂದುಕೊಂಡು ಸುತ್ತ ನೋಡಿದ. ಸುಡುತ್ತಿದ್ದದ್ದು ಬಿಸಿ ಸೈಲೆನ್ಸರಿನ ಮೇಲೆ ಊರಿದ್ದ ಅವನದೇ ಅಂಗೈ. ನೋವು ಇರಲಿಲ್ಲ. ನೋವಿಲ್ಲದ್ದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಮನೆಯಲ್ಲಿ ಬ್ಯಾಟರಿ ಆ್ಯಸಿಡ್ ಬಿತ್ತು ಎಂದ. ಮೊಣಕೈಯ ಕೆಳಗೆ ಬಿಳಿಚಿಕೊಂಡ ಒಂದು ಮಚ್ಚೆ ಇತ್ತು, ಅದು ಕಾಣದಂತೆ ತುಂಬುತೋಳಿನ ಅಂಗಿ ಹೊಲಿಸಿಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಹನ್ನೊಂದು ವರ್ಷ ಚಂದ್ರಣ್ಣನ ಬಾಯಿಂದ ರೋಗದ ಗುರುತುಗಳನ್ನೆಲ್ಲ ಕೇಳಿದ್ದ ವಲಿಸಾಬನಿಗೆ ಬೇಕಿದ್ದದ್ದು ಕನ್ನಡಿಯಲ್ಲ, ಮುಚ್ಚಳ. ಹೆಸರು ಹೊರಗೆ ಬಿದ್ದರೆ ಹೋಟೆಲಿನವನು ತನಗೆ ಬೇರೆ ಲೋಟ ಇಡುತ್ತಾನೆ. ಗಾಡಿಗಳು ಪಕ್ಕದ ಅಂಗಡಿಗೆ ತಿರುಗುತ್ತವೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬೆರಳು ಹೋದಮೇಲೆ ವಲಿಸಾಬ ಅಂತ ಉಳಿಯುವುದೇನು, ಒಂದು ತಗಡಿನ ಶೆಡ್ಡು. ಇದನ್ನು ನೆನೆದು ಅವನು ಒಬ್ಬನೇ ಇದ್ದಾಗ ಅತ್ತದ್ದೂ ಇದೆ.

ತೊಂಬತ್ತೆಂಟರ ಫೆಬ್ರುವರಿಯಲ್ಲಿ ಗಾಡಿ ಬಂತು. ಚಂದ್ರಣ್ಣ ಆತುರದಲ್ಲಿದ್ದ. ಮಧ್ಯಾಹ್ನ ಮನೆಯಲ್ಲಿ ಊಟ ಮುಗಿಸಿ ಮೊಳಕಾಲ್ಮುರಿನ ಆಚೆಯ ಗುಡ್ಡದ ಹಟ್ಟಿಗೆ ಹೋಗಬೇಕು, ಸಂಜೆಯವರೆಗೆ ಅಲ್ಲಿ ಜನ ಕಾದಿರುತ್ತಾರೆ ಎಂದ.

"ಏನ್ರಿ ವಲಿಸಾಬ್ರೆ, ಈ ಸೆಖೆಯಾಗೂ ತುಂಬುತೋಳು?"

"ಸೊಳ್ಳೆ ಕಣಪ್ಪ."

ಹಗಲು ಹನ್ನೊಂದು ಗಂಟೆಗೆ, ನೀರಿನ ಪಸೆಯೇ ಇಲ್ಲದ ಪಾವಗಡ ರಸ್ತೆಯಲ್ಲಿ ಸೊಳ್ಳೆ. ಚಂದ್ರಣ್ಣ ನಕ್ಕ. ವಲಿಸಾಬ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಚಕ್ರ ಅಲ್ಲಾಡಿಸಿದ, ಆಟವಿರಲಿಲ್ಲ. ಬೂಟು ಸರಿಸಿದ, ಬೋಲ್ಟುಗಳು ಗಟ್ಟಿಯಾಗಿದ್ದವು. ತಟ್ಟೆಗೆ ಡಬ್ಬಿಯ ಎಣ್ಣೆ ಇಳಿಯಿತು, ಕಪ್ಪಗೆ. ಮೂರು ಬೆರಳು ಅದ್ದಿ ಉಜ್ಜಿದ. ಏನೂ ಇಲ್ಲ. ಒರಟೂ ಇಲ್ಲ, ನುಣುಪೂ ಇಲ್ಲ, ಎಣ್ಣೆಯೇ ಇಲ್ಲ. ಗಾಳಿಯನ್ನು ಉಜ್ಜಿದಂತಿತ್ತು. ತಟ್ಟೆಯನ್ನು ಎರಡು ಹೆಜ್ಜೆ ಆಚೆ ಬಿಸಿಲಿಗೆ ಹಿಡಿದಿದ್ದರೆ ಆಗುತ್ತಿತ್ತು, ಅಥವಾ ಚಂದ್ರಣ್ಣ ನೀನೊಮ್ಮೆ ಮುಟ್ಟಿ ನೋಡು ಎಂದಿದ್ದರೂ ಆಗುತ್ತಿತ್ತು. ಆದರೆ ಎಂದೂ ಹಾಗೆ ಮಾಡದವನು ಇಂದು ಮಾಡಿದರೆ ಯಾಕೆ ಎಂದು ಅವನು ಕೇಳುತ್ತಿರಲಿಲ್ಲವೇ?

"ಸಾಫ್ ಐತೆ," ಎಂದ ವಲಿಸಾಬ.

ಹೊಸ ಎಣ್ಣೆ ತುಂಬಿ ಬೋಲ್ಟು ಬಿಗಿದ. ಚಂದ್ರಣ್ಣ "ಬರ್ತೀನ್ರಿ" ಎಂದು ಕಾಲು ಎತ್ತಿ ಹಾಕಿದ. ಗಾಡಿ ಬಳ್ಳಾರಿ ರಸ್ತೆಯ ಕಡೆ ತಿರುಗುವವರೆಗೂ ವಲಿಸಾಬ ನೋಡುತ್ತ ನಿಂತಿದ್ದ. ಹಾಗೆ ನಿಲ್ಲುವುದೂ ಅವನ ವಾಡಿಕೆಯಾಗಿರಲಿಲ್ಲ.

ಅರ್ಧ ಗಂಟೆಯ ಮೇಲೆ ಹಿತ್ತಲಿನಿಂದ ಚಮನ್ ಬೀ ಕೂಗಿದಳು. "ಯೇ ಕ್ಯಾ ಜೀ, ಥಾಲೀ ಮೆ ರೇತೀ!" ತಟ್ಟೆಯಲ್ಲಿ ಮರಳು ಯಾಕೆ ಬಂತು ಎಂದು ಅವಳ ಸಿಟ್ಟು.

ವಲಿಸಾಬ ಹಿತ್ತಲಿಗೆ ಹೋದ. ಎಣ್ಣೆಯನ್ನು ಹಳೇ ಡಬ್ಬಕ್ಕೆ ಬಗ್ಗಿಸಿಯಾಗಿತ್ತು. ತಟ್ಟೆಯ ತಳಕ್ಕೆ ತೆಳ್ಳಗೆ ಅಂಟಿಕೊಂಡಿದ್ದ ಪಸೆಯ ಮೇಲೆ ಅವಳು ಬೆರಳಾಡಿಸುತ್ತಿದ್ದಳು. ಮೂವತ್ತು ವರ್ಷ ಅಕ್ಕಿಯ ಕಲ್ಲು ಹೆಕ್ಕಿದ, ಕಡಲೆಬೀಜದಲ್ಲಿ ಕೊಳೆತದ್ದನ್ನು ಕತ್ತಲಲ್ಲೂ ಬೇರೆ ಮಾಡಿದ ಬೆರಳು.

"ಮರಳಲ್ಲ ಇದು," ಎಂದಳು ಉರ್ದುವಿನಲ್ಲೇ. "ಮರಳಿಗಿಂತ ಸಣ್ಣದು. ಚುಚ್ಚುತ್ತೆ."

ವಲಿಸಾಬ ತಟ್ಟೆ ಕಿತ್ತುಕೊಂಡು ಬಿಸಿಲಿಗೆ ಓರೆಯಾಗಿ ಹಿಡಿದ. ತಳದಲ್ಲಿ ಬೆಳ್ಳಿಯ ಪುಡಿಯಂತೆ ಮಿಣಮಿಣ ಎಂದಿತು. ಉಕ್ಕಿನ ಪುಡಿ. ಡಬ್ಬಿಯೊಳಗೆ ಬೇರಿಂಗೋ ಹಲ್ಲೋ ಉದುರತೊಡಗಿದೆ. ಹೊಸ ಎಣ್ಣೆ ಅದನ್ನು ಒಂದಿಷ್ಟು ದಿನ ಮುಚ್ಚಿಡುತ್ತದೆ, ಇಲ್ಲವೇ ಒಂದಿಷ್ಟು ಗಂಟೆ. ನಂಬಲಾರದೆ ಅದರ ಮೇಲೆ ಹೆಬ್ಬೆರಳು ಒತ್ತಿ ತಿರುವಿದ. ಆಗಲೂ ಏನೂ ಗೊತ್ತಾಗಲಿಲ್ಲ.

"ನಿಮಗೆ ಗೊತ್ತಾಗಲಿಲ್ವಾ?" ಎಂದಳು ಚಮನ್ ಬೀ.

ಅವಳು ಅವನ ಮುಖ ನೋಡಿದಳು, ಆಮೇಲೆ ಅಂಗೈಯ ಮೇಲಿನ ಸುಟ್ಟ ಕಲೆ ನೋಡಿದಳು. ಬ್ಯಾಟರಿ ಆ್ಯಸಿಡ್ ಹಾಗೆ ಪಟ್ಟಿಯಾಗಿ ಸುಡುವುದಿಲ್ಲ ಎಂದು ಮೆಕ್ಯಾನಿಕನ ಹೆಂಡತಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ತಿಂಗಳಿಂದ ಅವಳು ಕೇಳಬೇಕೆಂದಿದ್ದಳು, ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಒಳಗೆ ಹೋಗಿ ಅವನ ಟೋಪಿ ತಂದು ಕೊಟ್ಟಳು.

"ಹೋಗಿ. ಅವನು ಗುಡ್ಡ ಹತ್ತೋದರೊಳಗೆ ಹೋಗಿ."

ಬಿ.ಜಿ. ಕೆರೆಯ ಕಡೆ ಫೋನು ಮಾಡೋಣವೆಂದರೆ ಚಂದ್ರಣ್ಣನ ಮನೆಯಲ್ಲಿ ಫೋನಿರಲಿಲ್ಲ. ರಿಪೇರಿಗೆ ಬಂದಿದ್ದ ಗಾಡಿಗಳೆಲ್ಲ ಬಿಚ್ಚಿ ಹರಡಿದ್ದವು. ವಲಿಸಾಬ ಮೊಳಕಾಲ್ಮುರಿನ ಪ್ರೈವೇಟ್ ಬಸ್ಸು ಹತ್ತಿದ. ಅದು ಎಣ್ಣೆ ಮಿಲ್ಲುಗಳ ಮುಂದೆ ನಿಂತು, ಕಡಲೆಕಾಯಿ ಮೂಟೆ ಟಾಪಿಗೆ ಏರಿಸಿಕೊಂಡು, ಡ್ರೈವರು ಎಲೆಅಡಿಕೆ ಹಾಕಿಕೊಂಡು, ಹತ್ತು ಜನ ಬರುವ ಕಡೆ ಇಪ್ಪತ್ತು ಜನರನ್ನು ಕಾದು ಹೊರಟಿತು. ಜೀವಮಾನವಿಡೀ ಇಂಜಿನ್ನಿನ ಸದ್ದು ಕೇಳಿ ರೋಗ ಹೇಳಿದವನಿಗೆ ಆ ದಿನ ಬಸ್ಸಿನ ಸದ್ದು ಕಿವಿಗೇ ಬೀಳಲಿಲ್ಲ.

ತಳಕು ದಾಟುವಷ್ಟರಲ್ಲಿ ಅವನು ಮೂರು ಸುಳ್ಳು ಹೊಸೆದಿದ್ದ. ಒಂದು, ಬೋಲ್ಟಿಗೆ ವಾಷರು ಹಾಕಲು ಮರೆತೆ. ಎರಡು, ಕೊಟ್ಟ ಎಣ್ಣೆಯೇ ನಕಲಿ ಎಂದು ಅಂಗಡಿಯವನು ಈಗ ಹೇಳಿದ. ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು, ಕೆಟ್ಟ ಕನಸು ಬಿತ್ತು. ಮೂರರಲ್ಲಿ ಯಾವುದನ್ನು ಹೇಳಿದರೂ ಗಾಡಿ ನಿಲ್ಲುತ್ತದೆ, ಕೈ ಮುಚ್ಚಿಕೊಂಡಿರುತ್ತದೆ. ವಲಿಸಾಬ ಕೊಂಚ ನಿರಾಳವಾಗಿ ಕಿಟಕಿಯ ಆಚೆ ನೋಡಿದ.

ಬಿ.ಜಿ. ಕೆರೆಯಲ್ಲಿ ಇಳಿದಾಗ ಕ್ಯಾತಣ್ಣ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದ. ಎಪ್ಪತ್ತೈದು ದಾಟಿದ ಜೀವ, ಕಣ್ಣು ಮಂಜು, ಆದರೆ ದನಿ ಕೇಳಿದೊಡನೆ ಗುರುತು ಹಿಡಿದ.

"ಏನ್ ಸಾಬಣ್ಣ, ಇತ್ಲಾಗೆ? ಚಂದ್ರ ಉಂಡು ಹೋದ. ಗುಡ್ಡದ ಹಟ್ಟಿಗೆ."

"ಎಷ್ಟೊತ್ತಾತು ಯಜಮಾನ್ರೆ?"

"ಆಗೈತೆ ಒಂದ್ ಗಂಟೆ. ಕುಂತ್ಕಾ, ಮಜ್ಜಿಗೆ ಕುಡಿ." ಕ್ಯಾತಣ್ಣ ಹಗ್ಗ ಕೆಳಗಿಟ್ಟ. "ಒಂದ್ ಮಾತು ಕೇಳ್ಬೇಕಿತ್ತು ನಿನ್ನ. ಗಾಡಿ ಬಂದ್ಮ್ಯಾಲೆ ಚಕ್ರದ ನಡುವೆ ಕೈ ಇಟ್ಟು ನೋಡೋದು ನಂಗೆ ಅಭ್ಯಾಸ. ನಮ್ಮ ಎತ್ತಿನ ಗಾಡಿಗೂ ಹಂಗೇ ಮಾಡ್ತಿದ್ದೆ. ಇವತ್ತು ಇಟ್ರೆ ರೊಟ್ಟಿ ಹಂಚು ಇದ್ದಂಗೆ ಇತ್ತಪ್ಪ. ಚುರ್ ಅಂತು ಕೈ."

"ಚಂದ್ರಣ್ಣಂಗೆ ಹೇಳಿದ್ರಾ?"

"ಹೇಳ್ದೆ. ವಲಿಸಾಬ್ರು ಬೆರಳಿಟ್ಟು ನೋಡವ್ರೆ, ಸಾಫ್ ಐತೆ ಅಂದವ್ರೆ, ನಿಂದೇನಪ್ಪ ಅಂದ. ನಾನೂ ಸುಮ್ಕಾದೆ. ನಿನ್ನ ಬೆರಳಿನ ಮುಂದೆ ನನ್ನ ಕೈ ಯಾವ ಲೆಕ್ಕ?"

ವಲಿಸಾಬ ತನ್ನ ಮೂರು ಬೆರಳು ನೋಡಿಕೊಂಡ. ಮಂಜುಗಣ್ಣಿನ ಮುದುಕನಿಗೆ ಅಂಗೈಯಿಂದ ತಿಳಿದದ್ದು ತನಗೆ ತಿಳಿಯಲಿಲ್ಲ. ಮುದುಕನ ಮಾತನ್ನು ತನ್ನ ಹೆಸರು ತಳ್ಳಿಹಾಕಿತ್ತು. ಕೀಲೆಣ್ಣೆ ಸುರಿದ ದಿನ ಕ್ಯಾತಣ್ಣ ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದು, ಅದನ್ನೂ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಮಜ್ಜಿಗೆ ಬರುವ ಮೊದಲೇ ವಲಿಸಾಬ ರಸ್ತೆಗೆ ಓಡಿದ.

ಸಿಕ್ಕ ಲಾರಿ ಹತ್ತಿ ಮೊಳಕಾಲ್ಮುರು ಸೇರಿ, ಅಲ್ಲಿ ಆಟೊ ಹಿಡಿದ. ಗುಡ್ಡದ ಬುಡದವರೆಗೆ ಮಾತ್ರ ಬರ್ತೀನಿ ಎಂದ ಆಟೊದವನು, ತೆಲುಗಿನಲ್ಲಿ ದಾರಿಗೆ ಬೈಯುತ್ತಲೇ ಬಂದ. ದಾರಿಯುದ್ದಕ್ಕೂ ವಲಿಸಾಬನ ಕಣ್ಣು ಚರಂಡಿಯ ಕಡೆಗೇ ಇತ್ತು. ಬಿದ್ದ ಗಾಡಿ ಕಾಣಲಿಲ್ಲ. ಬುಡದಿಂದ ಮೇಲಕ್ಕೆ ಕಲ್ಲಿನ ಕಡಿದಾದ ಜಾಡು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಇಳಿಜಾರು. ಹತ್ತುವಾಗ ಹೇಗೋ ಹತ್ತಿರುತ್ತದೆ. ಇಳಿಯುವಾಗ ಚಕ್ರ ಬಿಗಿದರೆ ಮನುಷ್ಯನನ್ನು ಬುಡದಲ್ಲಿ ಹೆಕ್ಕಬೇಕು. ವಲಿಸಾಬ ಏದುಸಿರು ಬಿಡುತ್ತ ಹತ್ತಿದ.

ಹಟ್ಟಿಯ ಮುಂದೆ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು, ನಿಂತೇ ಇತ್ತು. ಅದರ ಪಕ್ಕದಲ್ಲಿ ಚಾಪೆ. ಚಾಪೆಯ ಮೇಲೆ ಚಂದ್ರಣ್ಣ, ಎದುರಿಗೆ ಅಂಗಿ ಕಳಚಿ ಕೂತ ದೊಡ್ಡೀರಪ್ಪ ಎಂಬ ಕುರಿಗಾಹಿ. ಸುತ್ತ ಏಳೆಂಟು ಜನ. ದೊಡ್ಡೀರಪ್ಪ ಕಣ್ಣು ಮುಚ್ಚಿಕೊಂಡು, ಹತ್ತಿ ತಾಗಿದ ಕಡೆಗೆಲ್ಲ ಬೆರಳಿಟ್ಟು "ಇಲ್ಲಿ, ಇಲ್ಲಿ" ಎನ್ನುತ್ತಿದ್ದ. ಎಲ್ಲ ಸರಿಯಾಗಿ ಹೇಳಿದ್ದಕ್ಕೆ ಸುತ್ತಲಿನವರು ನಕ್ಕರು, ಅವನು ಬಹುಮಾನ ಬಂದವನಂತೆ ಕಣ್ಣು ಬಿಟ್ಟ.

"ಅರೆ, ವಲಿಸಾಬ್ರೆ! ಏನ್ರಿ ಇಲ್ಲಿ ತಂಕ?" ಚಂದ್ರಣ್ಣ ಎದ್ದು ನಿಂತ.

"ಗಾಡಿ ಹತ್ಬೇಡ," ಎಂದ ವಲಿಸಾಬ. ಉಸಿರು ಸಾಲದೆ ಮತ್ತೆ ಹೇಳಿದ. "ಅದನ್ನ ಹತ್ಬೇಡ. ಎಣ್ಣೆಯಾಗೆ ಉಕ್ಕಿನ ಪುಡಿ ಐತೆ. ಹಿಂದಿನ ಡಬ್ಬಿ ಹೋಗೈತೆ. ಇಳಿಜಾರಿನಾಗೆ ಚಕ್ರ ಹಿಡಕೊಂಡ್ರೆ ಮುಗೀತು."

ಚಂದ್ರಣ್ಣ ಗಾಡಿಯ ಕಡೆ ನೋಡಿದ. ಆಮೇಲೆ ವಲಿಸಾಬನ ಕಡೆ.

"ಬೆಳಿಗ್ಗೆ ನೀವೇ ಮುಟ್ಟಿ ನೋಡಿದ್ರಲ್ರೀ. ಸಾಫ್ ಐತೆ ಅಂದ್ರಿ."

ಮೂರು ಸುಳ್ಳುಗಳೂ ನಾಲಿಗೆಯ ತುದಿಯಲ್ಲಿದ್ದವು. ವಾಷರು, ನಕಲಿ ಎಣ್ಣೆ, ಕನಸು. ಚಂದ್ರಣ್ಣ ಯಾವುದನ್ನಾದರೂ ನಂಬುತ್ತಿದ್ದ. ನಂಬಿ, ಗಾಡಿ ರಿಪೇರಿ ಮಾಡಿಸಿಕೊಂಡು, ಬರುವ ವರ್ಷ ಮತ್ತೆ ತಂದು, ಇವೇ ಬೆರಳುಗಳ ಮುಂದೆ ನಿಲ್ಲಿಸುತ್ತಿದ್ದ. ಆಗಲೂ ಸಾಫ್ ಎನ್ನಬೇಕಾಗುತ್ತಿತ್ತು.

"ಮುಟ್ಟಿದೆ," ಎಂದ ವಲಿಸಾಬ. "ಗೊತ್ತಾಗ್ಲಿಲ್ಲ."

ಹೇಳಿ, ಬಲಗೈಯ ತೋಳನ್ನು ಮೊಣಕೈವರೆಗೆ ಮಡಿಸಿದ. ಬಿಳಿಚಿದ ಮಚ್ಚೆ, ಅಂಗೈಯ ಸುಟ್ಟ ಪಟ್ಟಿ, ಎರಡೂ ಬಿಸಿಲಿಗೆ ಬಂದವು. ಚಂದ್ರಣ್ಣನ ಮುಖ ಬದಲಾಗಲಿಲ್ಲ, ಅದು ಅವನ ವೃತ್ತಿ. ಆದರೆ ದನಿ ಇಳಿಯಿತು.

"ಯಾವಾಗಿಂದ?"

"ಮಳೆಗಾಲದಿಂದ."

"ಗುಡಿಸಲೊಳಗೆ ಬರ್ತೀರಾ? ಅಲ್ಲಿ ಯಾರೂ ಇಲ್ಲ."

ವಲಿಸಾಬ ಸುತ್ತ ನೋಡಿದ. ಗುರುತಿಲ್ಲದ ಏಳೆಂಟು ಮುಖ. ಗುರುತಿಲ್ಲದಿದ್ದರೇನು, ಸಂತೆಗೆ ಹೋಗುವ ಬಾಯಿಗಳೇ. ಸೆರಗಿನಲ್ಲಿ ಕೈ ಮುಚ್ಚಿಟ್ಟುಕೊಂಡಿದ್ದ ಲಕ್ಷ್ಮಕ್ಕ ನೆನಪಾದಳು. ಅವಳನ್ನು ಬುದ್ಧಿ ಇಲ್ಲದವಳು ಎಂದದ್ದಕ್ಕೆ ನಾಚಿಕೆಯಾಯಿತು.

"ಬ್ಯಾಡ. ಇಲ್ಲೇ ನೋಡು."

ದೊಡ್ಡೀರಪ್ಪ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟ. ವಲಿಸಾಬ ಚಕ್ಕಂಬಕ್ಕಳ ಹಾಕಿ ಕೂತು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟ. ಚಂದ್ರಣ್ಣ ಮೊದಲು ಎಡಗೈ ಹಿಡಿದು, ಹತ್ತಿಯ ಎಳೆ ಹೇಗೆ ತಾಗುತ್ತದೆ ಎಂದು ತೋರಿಸಿಕೊಟ್ಟ. ನೊಣ ಕೂತಂತೆ ಹಗುರ.

"ಹಿಂಗೆ ತಾಗಿದ ಕೂಡ್ಲೆ ಅಲ್ಲಿಗೆ ಬೆರಳಿಟ್ಟು ತೋರಿಸ್ಬೇಕು. ಇನ್ನ ಬಲಗೈ. ಕಣ್ಣು ಮುಚ್ರಿ."

ವಲಿಸಾಬ ಕಣ್ಣು ಮುಚ್ಚಿದ. ಎಡಗೈಯ ತೋರುಬೆರಳನ್ನು ಎತ್ತಿ ಸಿದ್ಧವಾಗಿ ಹಿಡಿದ. ಮೂವತ್ತೈದು ವರ್ಷ ಕಣ್ಣನ್ನು ನಂಬದೆ ಬೆರಳನ್ನು ನಂಬಿದವನಿಗೆ ಕಣ್ಣು ಮುಚ್ಚಿ ಕೂರುವುದು ಹೊಸದಲ್ಲ. ಹೀಗೆ ಕೂತು ಬೇರಿಂಗು ತಿರುಗಿಸಿದ್ದಾನೆ, ಅದರೊಳಗಿನ ಗುಂಡಿನ ಮೇಲಿನ ಗೀರು ಹಿಡಿದಿದ್ದಾನೆ. ಅವನು ಗಮನವನ್ನೆಲ್ಲ ಅಂಗೈಗೆ ತಂದು ನಿಲ್ಲಿಸಿದ. ಗಾಳಿ ಬೀಸುತ್ತಿತ್ತು. ಬೇವಿನ ಎಲೆಯ ಸದ್ದು ಕೇಳುತ್ತಿತ್ತು. ಎಲ್ಲೋ ಒಂದು ಕರು ಕೂಗಿತು. ಚಂದ್ರಣ್ಣ ಹತ್ತಿಯ ಎಳೆಯನ್ನು ಸರಿಮಾಡಿಕೊಳ್ಳುತ್ತಿರಬೇಕು, ಅದೇಕೆ ಇಷ್ಟು ಹೊತ್ತು? ಜನ ಯಾಕೆ ಮಾತು ನಿಲ್ಲಿಸಿದ್ದಾರೆ?

"ಶುರು ಮಾಡಪ್ಪ ಚಂದ್ರಣ್ಣ," ಎಂದ ವಲಿಸಾಬ.

"ಕಣ್ಣು ಬಿಡ್ರಿ," ಎಂದ ಚಂದ್ರಣ್ಣ. "ಆತು."

ವಲಿಸಾಬ ಕಣ್ಣು ಬಿಟ್ಟ. ಎಡಗೈಯ ತೋರುಬೆರಳು ಎತ್ತಿದ್ದು ಹಾಗೆಯೇ ಗಾಳಿಯಲ್ಲಿತ್ತು. ದೊಡ್ಡೀರಪ್ಪ ನೆಲ ನೋಡುತ್ತಿದ್ದ. ಚಂದ್ರಣ್ಣ ಹತ್ತಿಯನ್ನು ಡಬ್ಬಿಗೆ ಹಾಕಿ, ಅವನ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡ. ಹಿಡಿದದ್ದು ವಲಿಸಾಬನಿಗೆ ಕಂಡಿತು, ಅಷ್ಟೆ.

"ಎಂಟು ಸಲ ಮುಟ್ಟಿದೆ ರೀ," ಎಂದ ಚಂದ್ರಣ್ಣ. "ಸುಳ್ಳು ಹೇಳಲ್ಲ. ರೋಗ ಹೋಗ್ತೈತೆ. ವರ್ಷದ ಮ್ಯಾಲೆ ಒಂದಿಷ್ಟು ದಿನ ಗುಳಿಗೆ ನುಂಗ್ಬೇಕು. ಶುರು ಮಾಡಿದ್ಮ್ಯಾಲೆ ಅದು ನಿಮ್ಮಿಂದ ಯಾರಿಗೂ ಬರಲ್ಲ, ಮುಗಿದ್ಮ್ಯಾಲೆ ನಿಮಗೂ ಇರಲ್ಲ. ಬೆರಳಿನ ಅರಿವು ವಾಪಸು ಬರ್ತೈತೋ ಇಲ್ವೋ, ಅದನ್ನ ನಾನು ಈಗ್ಲೇ ಹೇಳಂಗಿಲ್ಲ. ಬಂದವ್ರೂ ಅವ್ರೆ. ಬರದವ್ರೂ ಅವ್ರೆ."

ವಲಿಸಾಬ ತಲೆಯಾಡಿಸಿದ. ಎರಡು ತಿಂಗಳು ಹೊತ್ತು ತಿರುಗಿದ ಹೆದರಿಕೆ ಹೊರಗೆ ಬಂದು ಚಾಪೆಯ ಮೇಲೆ ಕೂತಿತ್ತು, ನೋಡಿದರೆ ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಅದಕ್ಕಿಂತ ದೊಡ್ಡದು ಬೇವಿನ ಮರದ ಕೆಳಗೆ ಸ್ಟ್ಯಾಂಡು ಹಾಕಿ ನಿಂತಿತ್ತು. ಇನ್ನು ಒಂದು ಗಂಟೆ ತಡವಾಗಿದ್ದರೆ ಈ ಕೈ ಹಿಡಿದುಕೊಂಡವನು ಇರುತ್ತಿರಲಿಲ್ಲ. ಇದು ಹೊಳೆದ ಮೇಲೆ ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಗಾಡಿಯನ್ನು ಹಟ್ಟಿಯಲ್ಲೇ ಬಿಡುವುದೆಂದಾಯಿತು. ದೊಡ್ಡೀರಪ್ಪ ತನ್ನ ಕುರಿ ರೊಪ್ಪದ ಪಕ್ಕ ಜಾಗ ತೋರಿಸಿದ. ಇಬ್ಬರೂ ಕಲ್ಲಿನ ಜಾಡಿನಲ್ಲಿ ನಡೆದು ಇಳಿದರು. ಬುಡ ಮುಟ್ಟುವವರೆಗೆ ಚಂದ್ರಣ್ಣ ಮುಂದಿನ ಕೆಲಸದ ವಿಷಯ ಹೇಳುತ್ತಿದ್ದ, ಯಾವ ಗುಳಿಗೆ ಎಷ್ಟು ದಿನಕ್ಕೆ, ಬಿಸಿ ಪಾತ್ರೆ ಹಿಡಿಯುವಾಗ ಬಟ್ಟೆ ಸುತ್ತಿಕೊಳ್ಳಬೇಕು, ರಾತ್ರಿ ಮಲಗುವ ಮುಂಚೆ ಕೈಗೆ ಗಾಯ ಆಗಿದೆಯೋ ಎಂದು ಕಣ್ಣಿಂದ ನೋಡಿಕೊಳ್ಳಬೇಕು.

"ಇನ್ನೊಂದು. ಮನೆಯವ್ರನ್ನೂ ಕರ್ಕೊಂಡ್ ಬರ್ಬೇಕು ನೀವು. ಒಂದೇ ಮನೇಲಿ ಇರೋರನ್ನೆಲ್ಲ ಪರೀಕ್ಷೆ ಮಾಡೋದು ಕಡ್ಡಾಯ. ಚಮನ್ ಬೀ ಅವ್ರ ಕೈಯನ್ನೂ ನೋಡ್ಬೇಕು."

"ಕರ್ಕೊಂಡ್ ಬರ್ತೀನಿ. ಹೆಂಗೂ ಈ ಗಾಡಿ ಎಣ್ಣೆ ಇನ್ಮ್ಯಾಲೆ ಅವಳೇ ನೋಡ್ಬೇಕು," ಎಂದ ವಲಿಸಾಬ. ಮಡಿಸಿದ ತೋಳನ್ನು ಅವನು ಇನ್ನೂ ಇಳಿಸಿರಲಿಲ್ಲ. "ಆದ್ರೆ ಅವಳ ಕೈ ಸಾಫ್ ಐತೆ ಕಣೋ. ಬೆಳಿಗ್ಗೆ ನಾನೇ ನೋಡೀನಿ."